ಬಾಗಿಲಿಗೆ ಅಡ್ಡ ನಿಂತವನು

1990-91ರ ಇಂಗ್ಲಿಷ್ ಫುಟ್‌ಬಾಲ್ ಲೀಗಿನಲ್ಲಿ ಆರ್ಸೆನಲ್ ತಂಡ 38 ಪಂದ್ಯ ಆಡಿ ಸೋತದ್ದು ಒಂದೇ ಒಂದು. ಇಡೀ ವರ್ಷ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 18 ಗೋಲು. ಆ ಡಿಫೆನ್ಸಿನ ನಟ್ಟನಡುವೆ ನಿಲ್ಲುತ್ತಿದ್ದ ನಾಯಕ ಟೋನಿ ಆಡಮ್ಸ್, ಅದೇ ಸೀಸನ್ನಿನ ಮಧ್ಯದಲ್ಲಿ, 1990ರ ಡಿಸೆಂಬರಿನಿಂದ 1991ರ ಫೆಬ್ರವರಿಯತನಕ ಜೈಲಿನಲ್ಲಿದ್ದ. ಕುಡಿದು ಕಾರು ಓಡಿಸಿ ಗೋಡೆಗೆ ಗುದ್ದಿದ್ದ. ನಾಲ್ಕು ತಿಂಗಳ ಶಿಕ್ಷೆಯಲ್ಲಿ ಅರ್ಧ ಕಳೆದು ಹೊರಬಂದ, ಮತ್ತೆ ತಂಡದ ಮುಂದೆ ನಿಂತ, ಆ ವರ್ಷದ ಲೀಗು ಗೆದ್ದ. ಗೆದ್ದವನನ್ನು ಕರೆದು ನಿನಗೆ ಏನಾಗಿದೆ ಎಂದು ಯಾರು ಕೇಳುತ್ತಾರೆ?

ಆ ತಂಡದ ಅಷ್ಟು ಗಟ್ಟಿ ಡಿಫೆನ್ಸು ಮತ್ತು ಅದರ ನಾಯಕನ ಜೈಲುವಾಸ ಎರಡೂ ಒಂದೇ ವರ್ಷದವು ಎಂದು ತಿಳಿದಾಗ ನಾನು ನಿವೃತ್ತಿಯ ಹತ್ತಿರ ಬಂದಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಮುತ್ತಲ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ, ಜನರ ಬಾಯಲ್ಲಿ ಪಿ.ಟಿ. ಮಾಸ್ತರನಾಗಿ ಕೆಲಸ ಮಾಡಿದವನು ನಾನು. ಅಣ್ಣನ ಮಗ ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ಆಡಮ್ಸನ ಆತ್ಮಕಥೆ ತಂದುಕೊಟ್ಟಿದ್ದ. 1998ರಲ್ಲಿ ಬಂದ ಪುಸ್ತಕ, ಹೆಸರು ‘ಅಡಿಕ್ಟೆಡ್’. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದೆ. ಆಟದ ಪುಸ್ತಕ ಅಂತಲೇ ಕೈಗೆತ್ತಿಕೊಂಡದ್ದು. ಓದುತ್ತ ಹೋದಂತೆ ನಮ್ಮ ಮನೆಯ ಲೆಕ್ಕ ಒಂದೊಂದೇ ಎದುರಿಗೆ ಬಂದು ನಿಲ್ಲತೊಡಗಿತು. ಈ ಪುಸ್ತಕವನ್ನೇ ಆರಿಸಿ ತಂದ ಹುಡುಗನ ಮನಸ್ಸಿನಲ್ಲಿ ಏನಿತ್ತೋ, ಅವನನ್ನು ನಾನು ಇನ್ನೂ ಕೇಳಿಲ್ಲ.

ನಾನೂ ಡಿಫೆಂಡರೇ. ನಮ್ಮ ಕಾಲದ ಮಾತಿನಲ್ಲಿ ‘ಸ್ಟಾಪರ್’. ನನಗೆ ಫುಟ್‌ಬಾಲ್ ಕಲಿಸಿದವರು ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನ ಬಂಗಾಳಿ ಹುಡುಗರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಭೂಮಿ ಕೊಟ್ಟಿತ್ತು. ಅವರು ಬರುವಾಗ ದುರ್ಗಾಪೂಜೆ ತಂದರು, ಮೀನಿನ ಸಾರು ತಂದರು, ಚೆಂಡನ್ನೂ ತಂದರು. ಭತ್ತ ಕೊಯ್ದ ಮೇಲೆ ಗದ್ದೆಯೇ ಮೈದಾನ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತಿತ್ತು, ಬಿರುಕಿನ ನಡುವೆ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು. ಚೆಂಡಿನ ಬ್ಲಾಡರ್ ತೂತಾದರೆ ಸೈಕಲ್ ಪಂಕ್ಚರ್ ಅಂಗಡಿಯವನು ತೇಪೆ ಹಾಕಿಕೊಡುತ್ತಿದ್ದ. ತೇಪೆಯ ಕಡೆ ಭಾರವಾಗಿ ಚೆಂಡು ಒಂದು ಮಗ್ಗಲಿಗೇ ಎಳೆಯುವುದು. ಆ ಎಳೆತವನ್ನು ಮೊದಲೇ ತಿಳಿದು ನಿಲ್ಲುವವನೇ ಒಳ್ಳೆ ಸ್ಟಾಪರ್. ನಾನು ತಿಳಿಯುತ್ತಿದ್ದೆ. ಲೈನ್ಸ್‌ಮನ್ ಎಂಬ ಪ್ರಾಣಿಯೇ ಇರಲಿಲ್ಲವಾದ್ದರಿಂದ ಆಫ್‌ಸೈಡು ಜಗಳದಲ್ಲೇ ತೀರ್ಮಾನವಾಗುತ್ತಿತ್ತು. ಕೊನೆಗೆ ಉಳಿಯುತ್ತಿದ್ದದ್ದು ಮೈ. ಮೈ ಅಡ್ಡ ಹಾಕುವುದೇ ಆಟ. ಕ್ಯಾಂಪಿನ ಹಿರಿಯ ಆಟಗಾರನನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಅವರು ನನಗೆ ಹೇಳಿದ್ದು ಒಂದೇ ಮಾತು: ಗೋಲ್‌ಕೀಪರನ ಅಂಗಿಗೆ ಮಣ್ಣು ಹತ್ತಿದರೆ ಅದು ನಿನ್ನ ತಪ್ಪು. ಆ ಮಾತು ನನ್ನ ಎಲುಬಿಗಿಳಿಯಿತು. ಮೈದಾನದಲ್ಲಿ ಎಷ್ಟು ಇಳಿಯಿತೋ ಮನೆಯಲ್ಲಿ ಅದಕ್ಕಿಂತ ಹೆಚ್ಚು.

ಕರ್ನಾಟಕದ ಫುಟ್‌ಬಾಲ್ ಅಂದರೆ ಬೆಂಗಳೂರು, ಅದೂ ಬಹಳ ಹಿಂದಿನದು. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ, ನಾಲ್ಕನೆಯದು 1968-69ರಲ್ಲಿ. ಆಮೇಲೆ ಐದನೆಯದಕ್ಕೆ 2023ರ ಮಾರ್ಚಿನತನಕ ಕಾಯಬೇಕಾಯಿತು. ಭಾರತ ನಾಲ್ಕನೇ ಸ್ಥಾನಕ್ಕೆ ಬಂದ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲೂ 1960ರ ರೋಮಿನಲ್ಲೂ ನಮ್ಮ ಬೆಂಗಳೂರಿನ ಹಾಫ್‌ಬ್ಯಾಕ್ ಕೆಂಪಯ್ಯ ಆಡಿದ್ದರು. ಅವರ ಬಗ್ಗೆ ಮಕ್ಕಳಿಗೆ ಹೇಳುತ್ತಿದ್ದೆ, ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಆದರೆ ಅವರ ಬಗ್ಗೆ ನನ್ನ ಕೈಗೆ ಸಿಕ್ಕದ್ದು ವರ್ಷ ಮತ್ತು ಸ್ಥಾನ ಮಾತ್ರ. ಆಟ ಮುಗಿಸಿ ಮನೆಗೆ ಬಂದ ಡಿಫೆಂಡರನ ಒಳಗೆ ಏನು ನಡೆಯುತ್ತದೆ ಎಂದು ಓದಲು ನಾನು ಲಂಡನ್ನಿನ ಅಂಚಿನ ರಾಮ್‌ಫರ್ಡಿನಲ್ಲಿ ಹುಟ್ಟಿದವನ ಹತ್ತಿರ ಹೋಗಬೇಕಾಯಿತು.

ಆಡಮ್ಸ್ ನನಗಿಂತ ಮೂರು ವರ್ಷ ಚಿಕ್ಕವನು, 1966ರವನು. 17 ತುಂಬಿದ ಮರುತಿಂಗಳೇ ಆರ್ಸೆನಲ್ ಪರ ಮೊದಲ ಪಂದ್ಯ, 21ನೇ ವಯಸ್ಸಿಗೇ ನಾಯಕ. ಅಲ್ಲಿಂದ 2002ರಲ್ಲಿ ನಿವೃತ್ತನಾಗುವತನಕ ಅದೇ ಕ್ಲಬ್ಬು, ಒಟ್ಟು 669 ಪಂದ್ಯ, ನಾಲ್ಕು ಲೀಗು. ಕೈ ಮೇಲೆತ್ತಿ ಆಫ್‌ಸೈಡ್ ಅನ್ನುತ್ತ ನಿಂತ ಅವನ ಚಿತ್ರವನ್ನು ಆ ಕಾಲದಲ್ಲಿ ಫುಟ್‌ಬಾಲ್ ನೋಡಿದವರು ಮರೆಯಲಾರರು. ಡಿಕ್ಸನ್, ಬೋಲ್ಡ್, ವಿಂಟರ್‌ಬರ್ನ್ ಜೊತೆ ಅವನು ಹಾಕುತ್ತಿದ್ದ ಸಾಲು ಒಂದೇ ಹೆಜ್ಜೆಗೆ ಮುಂದೆ ಸರಿಯುತ್ತಿತ್ತು. ಅವಮಾನವೂ ಕಡಿಮೆ ಇರಲಿಲ್ಲ. 1988ರ ಯುರೋಪಿಯನ್ ಚಾಂಪಿಯನ್‌ಶಿಪ್ಪಿನಲ್ಲಿ ಹಾಲೆಂಡಿನ ವ್ಯಾನ್ ಬಾಸ್ಟೆನ್ ಇಂಗ್ಲೆಂಡಿನ ವಿರುದ್ಧ ಮೂರು ಗೋಲು ಹೊಡೆದಾಗ ಎದುರಿಗಿದ್ದವನು ಇವನೇ. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಒಂದೇ ಪಂದ್ಯದಲ್ಲಿ ಎರಡೂ ಕಡೆಗೆ ಒಂದೊಂದು ಗೋಲು ಹೊಡೆದ. ಪತ್ರಿಕೆಯೊಂದು ಅವನ ತಲೆಗೆ ಕತ್ತೆ ಕಿವಿ ಬರೆದು ಅಚ್ಚು ಹಾಕಿತು. ಎದುರಾಳಿ ಪ್ರೇಕ್ಷಕರು ಮೈದಾನಕ್ಕೆ ಗಜ್ಜರಿ ಎಸೆಯುತ್ತಿದ್ದರು. ಆ ಹುಡುಗನಿಗೆ ಆಗ ಇಪ್ಪತ್ತೆರಡು. ಆ ವರ್ಷವೇ ಲಿವರ್‌ಪೂಲಿಗೆ ಹೋಗಿ, ಎರಡು ಗೋಲಿನ ಅಂತರದಲ್ಲಿ ಗೆಲ್ಲಲೇಬೇಕಿದ್ದ ಕೊನೇ ಪಂದ್ಯ ಗೆದ್ದು ಲೀಗು ತಂದರು.

ಅವಮಾನವನ್ನು ಹೀಗೆ ಮೈದಾನದಲ್ಲಿ ತೀರಿಸುವವನಿಗೆ ಉಳಿದ ಹೊತ್ತಿಗೆ ಬೇರೆ ಔಷಧಿ ಬೇಕಾಗುತ್ತದೆ. ಅವನಿಗೆ ಅದು ಕುಡಿತವಾಯಿತು. ಆ ತಂಡದಲ್ಲಿ ಒಟ್ಟಿಗೆ ಕೂತು ಕುಡಿಯುವ ವಾರದ ದಿನವೇ ಇತ್ತು. ಅಮಲಿನಲ್ಲೇ ಪಂದ್ಯ ಆಡಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. ಪುಸ್ತಕದ ಈ ಭಾಗ ಓದುವಾಗ ನಾನು ಆಡಮ್ಸನನ್ನು ಬಿಟ್ಟು ಅವನ ಸುತ್ತ ಇದ್ದವರನ್ನು ಹುಡುಕತೊಡಗಿದೆ. ಅವನು ಎಲ್ಲಿ ಬಿದ್ದ ಎಂಬುದು ಬರೆದಿದೆ. ಬಿದ್ದವನನ್ನು ಎತ್ತಿ, ಮೈ ಒರೆಸಿ, ಜ್ವರ ಎಂದು ಹೇಳಿ ಬೆಳಗಾಗುವುದರೊಳಗೆ ಎಲ್ಲ ಸರಿಮಾಡಿದವರು ಯಾರು? ಕುಡಿಯುವ ಪ್ರತಿಯೊಬ್ಬನ ಹಿಂದೆ ಅಂಥವನೊಬ್ಬ ಇರುತ್ತಾನೆ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಅವನು ನಾನೇ.

ಅಣ್ಣ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೊದಲು ಪಾಕೀಟು ಸಾರಾಯಿ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಬಂದಾದಾಗ ಇನ್ನು ಮುಗಿಯಿತು ಎಂದುಕೊಂಡೆವು. ಆಮೇಲೆ ನೈಂಟಿ ಬಂತು. ಕಿರಾಣಿ ಅಂಗಡಿಯಲ್ಲೂ ಚೀಲದ ಹಿಂದಿನಿಂದ ಕೈಗೆ ಬರುತ್ತಿತ್ತು. ಭತ್ತದ ಸುಗ್ಗಿಯಲ್ಲಿ ಮಿಲ್ಲಿಗೆ ಹಗಲು ರಾತ್ರಿ ಲಾರಿ ಬರುವ ದಿನಗಳಲ್ಲೇ ಅಣ್ಣ ಎದ್ದು ನಿಲ್ಲಲಾರದಷ್ಟು ಕುಡಿಯುತ್ತಿದ್ದ. ಮಿಲ್ಲಿನಿಂದ ಆಳು ಬರುವನು. ನಾನು ಹೊಸ್ತಿಲ ಮೇಲೆ ನಿಂತು ಎರಡೂ ಕೈ ಬಾಗಿಲ ಚೌಕಟ್ಟಿಗೆ ಊರಿ, ‘ಕಾಮಣಿ ಆಗೇತ್ರಿ, ಡಾಕ್ಟ್ರು ಏಳಬ್ಯಾಡ ಅಂದಾರ’ ಎನ್ನುತ್ತಿದ್ದೆ. ನನ್ನ ಎದೆಯ ಅಗಲ ನೋಡಿಯೋ ಮಾಸ್ತರ ಅನ್ನುವ ಮರ್ಯಾದೆಗೋ ಅವನು ಒಳಗೆ ಇಣುಕುತ್ತಿರಲಿಲ್ಲ. ತಿಂಗಳ ಕೊನೆಗೆ ಕ್ಯಾಷಿನಲ್ಲಿ ಕಡಿಮೆ ಬಿದ್ದದ್ದನ್ನು ನನ್ನ ಸಂಬಳದಿಂದ ತುಂಬುತ್ತಿದ್ದೆ. ಅತ್ತಿಗೆಯ ತವರಿನವರು ಲಿಂಗಸುಗೂರಿನಿಂದ ಬರುತ್ತಾರೆ ಅಂದರೆ ಹಿಂದಿನ ದಿನವೇ ಅಣ್ಣನನ್ನು ನನ್ನ ಶಾಲೆ ಇದ್ದ ಊರಿಗೆ ಕರೆದೊಯ್ದು ರೂಮಿನಲ್ಲಿ ಮಲಗಿಸುತ್ತಿದ್ದೆ. ‘ಮಿಲ್ಲಿನ ಕೆಲಸಕ್ಕ ಹೊರಗ ಹೋಗ್ಯಾನ’ ಎಂಬ ಸುಳ್ಳನ್ನು ಅತ್ತಿಗೆಯ ಬಾಯಿಂದ ಹೇಳಿಸುತ್ತಿದ್ದವನೂ ನಾನೇ.

ಅವ್ವ ತೀರಿಕೊಂಡಾಗ ನನ್ನ ಮನಸ್ಸಿನಲ್ಲಿ ದುಃಖದ ಜೊತೆ ಇನ್ನೊಂದು ಭಾವ ಇತ್ತು. ಹಿರೇಮಗ ಕುಡುಕ ಎಂಬುದು ತಿಳಿಯದೇ ಹೋದಳು, ನಾನು ಅವಳತನಕ ಬಿಡಲಿಲ್ಲ ಎಂಬ ಸಮಾಧಾನ. ಸಮಾಧಾನ ಅಂದರೆ ಕಡಿಮೆಯಾದೀತು, ಅದು ಹೆಮ್ಮೆ. ಬಹಳ ವರ್ಷ ಆ ಹೆಮ್ಮೆಯನ್ನು ಒಳಗೇ ಇಟ್ಟುಕೊಂಡು ಬಾಳಿದೆ. ಆಡಮ್ಸನ ಪುಸ್ತಕ ಓದುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಳೆಯಿತು: ಅಣ್ಣನ ಅಂಗಿ ಒಗೆಯುತ್ತಿದ್ದವಳು ಅವ್ವ. ಆ ವಾಸನೆ ಅವಳಿಗೆ ಬಂದಿರಲಿಲ್ಲವೇ? ಅವಳಿಗೆ ಎಲ್ಲ ಗೊತ್ತಿತ್ತು. ನಾನು ಮುಚ್ಚಿಡುತ್ತಿದ್ದೇನೆ ಎಂಬುದೂ ಗೊತ್ತಿತ್ತು. ನನ್ನ ಸುಳ್ಳು ಮುರಿಯಬಾರದೆಂದು ಆಕೆ ಒಬ್ಬಳೇ ಅಳುವುದನ್ನು ಕಲಿತಿದ್ದಳು. ಅವಳ ಕೊನೇ ವರ್ಷಗಳಲ್ಲಿ ತಾಯಿ ಮಗ ಕೂತು ಅಣ್ಣನ ಬಗ್ಗೆ ಒಂದು ಖರೆ ಮಾತು ಆಡಬಹುದಿತ್ತು. ಆ ಮಾತಿಗೆ ಅಡ್ಡ ನಿಂತವನು ನಾನು.

ನಾನು ಕಾಪಾಡುತ್ತಿದ್ದದ್ದು ಯಾರನ್ನು? ಈ ಪ್ರಶ್ನೆಗೆ ಸುಲಭದ ಉತ್ತರ ಅಣ್ಣನನ್ನು ಎಂಬುದು. ಅದು ಪೂರ್ತಿ ಸುಳ್ಳಲ್ಲ. ಅವನು ನನ್ನನ್ನು ಓದಿಸಿದವನು, ನನ್ನ ಮೊದಲ ಕ್ಯಾನ್ವಾಸ್ ಶೂ ಅವನ ಸಂಬಳದ್ದು. ಆದರೆ ಇನ್ನೂ ಕೆಳಗೆ ಇಳಿದು ನೋಡಿದರೆ ಅಲ್ಲಿ ಬೇರೆ ಸಿಗುತ್ತದೆ. ಶಾಲೆಯಲ್ಲಿ ಮಕ್ಕಳ ಎದುರು ಶಿಸ್ತು ಎನ್ನುವ ಮಾಸ್ತರನ ಅಣ್ಣ ಗಟಾರದಲ್ಲಿ ಬಿದ್ದಿದ್ದ ಎಂದು ಊರು ಆಡಬಾರದು, ಅಷ್ಟೆ. ಇನ್ನೂ ಕೆಳಗೆ ಹೋದರೆ ಹೇಳಲು ಕಷ್ಟವಾದದ್ದೊಂದು ಇದೆ. ಅಣ್ಣ ಬೀಳುತ್ತಿದ್ದಷ್ಟು ದಿನ ಆ ಮನೆಗೆ ನಾನು ಬೇಕಾಗಿದ್ದೆ. ಪ್ರತಿ ಸಲ ಅವನನ್ನು ಎತ್ತಿ ತಂದಾಗ ನನ್ನ ತೂಕ ಹೆಚ್ಚುತ್ತಿತ್ತು. ಅವನು ಕುಡಿತ ಬಿಟ್ಟರೆ ನಾನು ಏನಾಗುತ್ತೇನೆ ಎಂಬ ಅಂಜಿಕೆ ನನಗಿತ್ತೇ? ಇತ್ತು ಎಂದೇ ಈಗ ಅನಿಸುತ್ತದೆ.

1996ರಲ್ಲಿ ಇಂಗ್ಲೆಂಡಿನಲ್ಲೇ ಯುರೋ ನಡೆಯಿತು. ನಾಯಕ ಆಡಮ್ಸ್. ಜೂನ್ 26ರಂದು ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಪೆನಾಲ್ಟಿಯಲ್ಲಿ ಸೋತರು. ಪಂದ್ಯಾವಳಿ ನಡೆದಷ್ಟು ದಿನ ತಡೆದುಕೊಂಡಿದ್ದವನು ಆಮೇಲೆ ವಾರಗಟ್ಟಲೆ ಕುಡಿದ. ಆಗಸ್ಟ್ 16ಕ್ಕೆ ಕೊನೆಯ ಗುಟುಕು. ಸೆಪ್ಟೆಂಬರಿನಲ್ಲಿ ಆರ್ಸೆನಲ್ ತಂಡದವರನ್ನೆಲ್ಲ ಒಂದೆಡೆ ಸೇರಿಸಿ ತಾನು ಕುಡಿತದ ರೋಗಿ ಎಂದು ಹೇಳಿದ. ಎರಡು ವರ್ಷದ ಹಿಂದೆಯಷ್ಟೇ ಅದೇ ತಂಡದ ಪಾಲ್ ಮರ್ಸನ್ ತನ್ನ ಚಟಗಳನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದ. ಆಗ ಅಲುಗದೆ ನಿಂತವನು ಈಗ ತಾನೇ ಬಾಯಿಬಿಟ್ಟ. ಎದುರಿಗೆ ಕೂತವರು ಯಾರು? ಅವನು ಇಷ್ಟು ವರ್ಷ ಯಾರ ಮುಂದೆ ಅಡ್ಡ ನಿಂತಿದ್ದನೋ ಅವರೇ, ಅವನ ಜೊತೆ ಕೂತು ಕುಡಿದವರೇ. ಆ ಕೋಣೆಯಲ್ಲಿ ಆಡಿದ ಮಾತಿನ ಧೈರ್ಯದ ಎದುರು 669 ಪಂದ್ಯಗಳೂ ನನಗೆ ಚಿಕ್ಕವಾಗಿ ಕಾಣುತ್ತವೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ವೆಂಗರ್ ಕೋಚಾಗಿ ಬಂದರು. ಆಡಮ್ಸ್ ಪುಸ್ತಕ ಓದತೊಡಗಿದ, ಪಿಯಾನೋ ಕಲಿಯಲು ಹೊರಟ. 1998ರ ಮೇ 3ರಂದು ಎವರ್ಟನ್ ವಿರುದ್ಧ ಮೂರು ಗೋಲು ಮುಂದಿದ್ದಾಗ, ಇನ್ನೇನು ಪಂದ್ಯ ಮುಗಿಯಬೇಕು ಅನ್ನುವಾಗ, ಸ್ಟಾಪರ್ ಬೋಲ್ಡ್ ಮೇಲಿಂದ ಎತ್ತಿ ಹಾಕಿದ ಚೆಂಡಿಗೆ ಇನ್ನೊಬ್ಬ ಸ್ಟಾಪರ್ ಆಡಮ್ಸ್ ತನ್ನ ಸಾಲು ಬಿಟ್ಟು ಓಡಿದ. ಎದೆಗೆ ತಗೊಂಡು ಎಡಗಾಲಿನಲ್ಲಿ ಹೊಡೆದ. ಗೋಲು. ಲೀಗು ಅವರದಾಯಿತು. ಆ ಗೋಲಿನ ನಂತರ ಕೈ ಚಾಚಿ ನಿಂತ ಭಂಗಿಯನ್ನೇ 2011ರಲ್ಲಿ ಕ್ರೀಡಾಂಗಣದ ಹೊರಗೆ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2000ರಲ್ಲಿ ವ್ಯಸನಕ್ಕೆ ಬಿದ್ದ ಆಟಗಾರರಿಗಾಗಿ ಅವನು ಕಟ್ಟಿದ ‘ಸ್ಪೋರ್ಟಿಂಗ್ ಚಾನ್ಸ್’ ಸಂಸ್ಥೆ. ಕೋಚಾಗಿ ಅವನು ಹೆಚ್ಚು ಗೆಲ್ಲಲಿಲ್ಲ. ಸ್ಪೇನಿನ ಗ್ರನಾಡಾದಲ್ಲಿ 2017ರಲ್ಲಿ ಕೈಗೆ ಬಂದ ಏಳು ಪಂದ್ಯಗಳನ್ನೂ ಸೋತ. ಸೋತೂ ಕುಡಿಯದೆ ಮನೆಗೆ ಹೋದ ಎಂಬುದನ್ನು ಯಾವ ಪಟ್ಟಿಯೂ ಬರೆದುಕೊಳ್ಳುವುದಿಲ್ಲ.

ಬಾಯಿಬಿಟ್ಟು ಒಪ್ಪಿಕೊಳ್ಳುವ ಮಾತು ಬಂದಿದ್ದರಿಂದ ಮಸ್ಕಿಯ ಶಾಸನದ ಮಾತನ್ನೂ ಇಲ್ಲಿ ಹೇಳಬೇಕು. ಶಾಲೆಯ ಮಕ್ಕಳನ್ನು ಆ ಗುಡ್ಡಕ್ಕೆ ಎಷ್ಟೋ ಸಲ ಕರೆದೊಯ್ದಿದ್ದೇನೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡದ್ದು, ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಹೆಸರು ಸಮೇತ ಹೇಳಿದ, ಮೊದಲು ಸಿಕ್ಕ ಶಾಸನ ಇದೇ ಎಂದು ಉರು ಹೊಡೆದದ್ದನ್ನು ಒಪ್ಪಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಶಾಸನದ ಒಳಗೆ ಏನಿದೆ ಎಂದು ಹೇಳಿದ್ದು ಕಡಿಮೆ. ಮಸ್ಕಿಯ ಬಂಡೆಯಲ್ಲಿ ಅಕ್ಷರ ಅಲ್ಲಲ್ಲಿ ಹೋಗಿವೆ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ ಮಾತು ಸ್ಪಷ್ಟವಾಗಿದೆ. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಅದರಲ್ಲಿ ಒಂದು ವರ್ಷ ನಾನು ಸರಿಯಾಗಿ ಶ್ರಮಪಡಲಿಲ್ಲ, ಸಂಘಕ್ಕೆ ಹೋದ ಮೇಲೆ ಶ್ರಮಪಟ್ಟೆ, ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ಇದು ಸಾಧ್ಯ ಎಂದು ಚಕ್ರವರ್ತಿಯೇ ಹೇಳಿಸಿದ್ದಾನೆ. ತನ್ನ ಉದಾಸೀನವನ್ನು ಕಲ್ಲಿನಲ್ಲಿ ಕೊರೆಸಿ ತನ್ನ ನಾಡಿನ ಊರೂರಲ್ಲಿ ನಿಲ್ಲಿಸಿದ ರಾಜ. ಆ ಕಲ್ಲಿನ ಎದುರು ನಿಂತು ನಾನು ಮಕ್ಕಳಿಗೆ ರಾಜನ ಹೆಸರನ್ನು ಮಾತ್ರ ಕಲಿಸಿದೆ. ಒಪ್ಪಿಕೊಳ್ಳುವ ಭಾಗ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೀಳುವಂಥ ಕಣ್ಣು ಆಗ ನನ್ನದಾಗಿರಲಿಲ್ಲ.

ನನ್ನ ಸಾಲು ಮುರಿದವಳು ಅತ್ತಿಗೆ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ರಾಯಚೂರು ಜಿಲ್ಲೆಯ ಹಳ್ಳಿಗಳಿಂದಲೂ ಹೋದರು. ಅತ್ತಿಗೆ ತಾನೂ ಹೋಗುತ್ತೇನೆ ಅಂದಳು. ನಾನು ಬೇಡ ಅಂದೆ. ‘ಟೀವಿಯೊಳಗ ಮುಖ ಬರ್ತೈತಿ ಅತ್ತಿಗಿ, ತವರಿನವರು ನೋಡ್ತಾರ. ಇಷ್ಟು ವರ್ಷ ಕಾಯ್ದದ್ದು ಒಂದೇ ದಿನಕ್ಕ ಹೋಗ್ತದ.’ ಆಕೆ ಚೀಲಕ್ಕೆ ರೊಟ್ಟಿ ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತದೆ ಹೇಳಿದಳು: ‘ತಮ್ಮಾ, ನೀ ಬಾಗ್ಲಾಗ ನಿಂತಿ ಅಂತ ಹೊರಗಿನವರು ಒಳಗ ಬರ್ಲಿಲ್ಲ, ಖರೆ. ಒಳಗಿದ್ದ ನಾ ಹೊರಗ ಹೋಗೋದು ಹೆಂಗಿತ್ತು?’

ಹೊರಟೇಬಿಟ್ಟಳು. ಟೀವಿಯಲ್ಲಿ ಮುಖ ಬಂತೋ ಇಲ್ಲವೋ, ಕಾಲಿಗೆ ಬೊಬ್ಬೆ ಎದ್ದು ಮನೆಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ತವರಿಗೆ ಫೋನು ಹಚ್ಚಿ ಎಲ್ಲ ಹೇಳಿದ್ದು. ಆ ಫೋನಿನಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳ ಅಣ್ಣಂದಿರು ಬಂದರು, ಬೈದರು, ಕೂತು ಉಂಡರು, ಭಾವನನ್ನು ಮದ್ಯವರ್ಜನ ಶಿಬಿರಕ್ಕೆ ಕರೆದೊಯ್ಯುವ ಜವಾಬ್ದಾರಿ ಹೊತ್ತರು. ನಾನು ಒಬ್ಬನೇ ಹೊತ್ತು ನಿಂತದ್ದನ್ನು ನಾಲ್ಕು ಮಂದಿ ಒಂದು ಮಧ್ಯಾಹ್ನದಲ್ಲಿ ಹಂಚಿಕೊಂಡರು. ಆಗ ನನಗೆ ಆದದ್ದು ನಿರಾಳವಲ್ಲ, ಸಿಟ್ಟು. ನನ್ನ ಕೆಲಸ ಕಿತ್ತುಕೊಂಡರೆಂಬ ಸಿಟ್ಟು. ಶಿಬಿರದಲ್ಲಿ ಅಣ್ಣ ಹತ್ತಾರು ಜನರ ಎದುರು ಮೈಕ್ ಹಿಡಿದು ತಾನು ಮಾಡಿದ್ದನ್ನು ಹೇಳುವಾಗ ನಾನು ಹಿಂದಿನ ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದೆ. ಅವನ ಧ್ವನಿ ನಡುಗುತ್ತಿರಲಿಲ್ಲ. ಆಮೇಲೆ ಮತ್ತೆ ಒಮ್ಮೆ ಜಾರಿದ, ಮತ್ತೆ ಹೋದ. ಈಗ ಕುಡಿಯುತ್ತಿಲ್ಲ.

ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. ‘ನನ್ನದು ನಾನೇ ಎಲ್ಲಾರ ಮುಂದ ಹೇಳೀನಿ. ನಿನ್ನದು ಬರಿ’ ಎಂದ. ನನ್ನದು ಬರೆಯಲು ಕೂತಾಗ ತಿಳಿಯಿತು, ಕುಡಿತ ಬಿಟ್ಟವನಿಗೆ ಬಿಟ್ಟ ದಿನ ಒಂದಿರುತ್ತದೆ, ಮುಚ್ಚಿಡುವುದನ್ನು ಬಿಟ್ಟವನಿಗೆ ಅಂಥ ದಿನ ಇರುವುದಿಲ್ಲ. ಮೊನ್ನೆ ಲಿಂಗಸುಗೂರಿನಲ್ಲಿ ಮದುವೆಯ ಊಟಕ್ಕೆ ಕೂತಿದ್ದೆವು. ದೂರದ ನೆಂಟರೊಬ್ಬರು ಅಣ್ಣನನ್ನು ನೋಡಿ, ‘ಯಾಕ್ರಿ ಇಷ್ಟ್ ಸೊರಗೀರಿ?’ ಎಂದರು. ಅಣ್ಣ ಬಾಯಿ ತೆರೆಯುವ ಮೊದಲೇ ನಾನು, ‘ಶುಗರ್ ಐತ್ರಿ ಅಂವಗ’ ಅಂದುಬಿಟ್ಟೆ. ಅಣ್ಣನಿಗೆ ಶುಗರ್ ಇಲ್ಲ. ಎದುರಿನ ಸಾಲಿಗೆ ಹೋಳಿಗೆ ಬಡಿಸುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. ‘ಸುಮ್ಕಿರು ತಮ್ಮಾ, ಅವರಿಗೆ ಬಾಯಿ ಐತಿ’ ಎಂದು ಅಣ್ಣನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅಣ್ಣ ಆ ನೆಂಟರ ಕಡೆ ಹೊರಳಿ ಮೊದಲಿನಿಂದ ಹೇಳಲು ಶುರುಮಾಡಿದ.